ಶೇರ್ ಫೋಲ್ಡರ್‌ನಿಂದ ಸೆಟಪ್ ಓಡಿಸಿದರೆ ‘ಆಕ್ಸೆಸ್ ಡಿನೈಡ್’, ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದರೆ ಸರಿ

ಲ್ಯಾಬ್ ಸಹಾಯಕಿ, ಮಲೆನಾಡು

ಎಲ್ಲರಿಗೂ ನಮಸ್ಕಾರ. ನಾನು ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಒಟ್ಟು 24 ಸಿಸ್ಟಂ ಇವೆ. ಹದಿನಾರರಲ್ಲಿ ವಿಂಡೋಸ್ 10, ಈ ವರ್ಷ ಬಂದ ಎಂಟರಲ್ಲಿ ವಿಂಡೋಸ್ 11. ಬೇಕಾದ ಸಾಫ್ಟ್‌ವೇರ್ ಎಲ್ಲವನ್ನೂ ಒಂದು ಲಿನಕ್ಸ್ ಸರ್ವರ್‌ನಲ್ಲಿ ಸಾಂಬಾ (ಲಿನಕ್ಸ್ ಫೋಲ್ಡರ್‌ಗಳನ್ನು ವಿಂಡೋಸ್‌ಗೆ ಹಂಚುವ ಸಾಫ್ಟ್‌ವೇರ್) ಮೂಲಕ ಶೇರ್ ಮಾಡಿ ಇಟ್ಟಿದ್ದೇವೆ. ಪ್ರತಿ ಸಿಸ್ಟಂನಲ್ಲೂ ಅದು ಝಡ್ ಡ್ರೈವ್ ಆಗಿ ಕಾಣುತ್ತದೆ.

ಹಳೆಯ ಸರ್ವರ್‌ನಲ್ಲಿ ಉಬುಂಟು 12.04 ಇತ್ತು, ಸಾಂಬಾ 3.6. ಹೊಸ ವಿಂಡೋಸ್ 11 ಸಿಸ್ಟಂಗಳು ಅದನ್ನು ಹಿಡಿಯಲೇ ಇಲ್ಲ. ಹಾಗಾಗಿ ಬೇರೊಂದು ಸಿಸ್ಟಂಗೆ ಉಬುಂಟು 22.04 ಹಾಕಿ, ಫೋಲ್ಡರ್ ಪೂರ್ತಿ ಆರ್‌ಸಿಂಕ್ ಎಂಬ ಕಾಪಿ ಮಾಡುವ ಕಮಾಂಡ್‌ನಿಂದ ಅಲ್ಲಿಗೆ ತಂದೆ. ಶೇರ್ ಹೆಸರು, ಯೂಸರ್, ಪಾಸ್‌ವರ್ಡ್ ಎಲ್ಲ ಹಳೆಯದೇ.

ಈಗ ಎಲ್ಲ 24 ಸಿಸ್ಟಂಗಳಿಗೂ ಫೋಲ್ಡರ್ ಕಾಣುತ್ತದೆ. ಪಿಡಿಎಫ್ ತೆರೆಯುತ್ತದೆ, ಜಿಪ್ ತೆರೆಯುತ್ತದೆ. ಆದರೆ ಯಾವ ಇಎಕ್ಸ್‌ಇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೂ ‘ನಿಮಗೆ ಇದಕ್ಕೆ ಪರ್ಮಿಶನ್ ಇಲ್ಲದಿರಬಹುದು’ ಎಂದು ಬರುತ್ತದೆ. ಅದೇ ಫೈಲನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದರೆ ಸರಾಗವಾಗಿ ಓಡುತ್ತದೆ. ಓದಲು ಬಿಡುತ್ತದೆ ಎಂದ ಮೇಲೆ ಓಡಿಸಲು ಯಾಕೆ ಬಿಡುವುದಿಲ್ಲ? ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ಹತ್ತೇ ದಿನ ಇದೆ.

ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಮೇಡಂ, ಸುಮ್ನೆ ಫೋಲ್ಡರ್‌ಗೆ 777 (ಎಲ್ಲರಿಗೂ ಎಲ್ಲ ಹಕ್ಕು) ಕೊಟ್ಟುಬಿಡಿ, ಒಳಗಿನ ಎಲ್ಲ ಫೈಲ್‌ಗಳಿಗೂ ಸೇರಿಸಿ. ಶೇರ್‌ನಲ್ಲಿ ಗೆಸ್ಟ್ ಕೂಡ ಆನ್ ಮಾಡಿ. ಪಾಸ್‌ವರ್ಡ್ ಕೇಳುವುದೇ ಇಲ್ಲ. ನಾನು ಎಷ್ಟೋ ಕಡೆ ಹೀಗೇ ಮಾಡಿಕೊಟ್ಟಿದ್ದೇನೆ.

ಸಿಸ್ಟಂ ಅಡ್ಮಿನ್, ಮೈಸೂರು

ಮೇಡಂ, ದಯವಿಟ್ಟು ಅದನ್ನು ಈಗಲೇ ಮಾಡಬೇಡಿ. ಮೊದಲು ಸರ್ವರ್‌ನಲ್ಲಿ ಆ ಫೋಲ್ಡರ್‌ಗೆ ಹೋಗಿ ಎಲ್‌ಎಸ್ ಮೈನಸ್ ಎಲ್ ಎಂಬ ಕಮಾಂಡ್ ಕೊಟ್ಟು, ಒಂದು ಇಎಕ್ಸ್‌ಇ ಫೈಲ್‌ನ ಸಾಲು ಹೇಗಿದೆ ಹೇಳಿ. ಸಾಲಿನ ಮೊದಲಲ್ಲಿ ಓದುವ, ಬರೆಯುವ, ಓಡಿಸುವ ಹಕ್ಕು ತೋರಿಸುವ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳು ಇರುತ್ತವಲ್ಲ, ಅದು ಸಾಕು.

ಲ್ಯಾಬ್ ಸಹಾಯಕಿ, ಮಲೆನಾಡು

ಆರ್ ಡಬ್ಲ್ಯೂ, ಆಮೇಲೆ ಆರ್, ಆಮೇಲೆ ಆರ್. ಅಂದರೆ ಅಂಕಿಯಲ್ಲಿ 644 (ಫೈಲ್‌ನ ಒಡೆಯನಿಗೆ ಓದು-ಬರಹ, ಉಳಿದವರಿಗೆ ಓದು ಮಾತ್ರ), ಅಲ್ವಾ ಸರ್? ಎಲ್ಲ ಇಎಕ್ಸ್‌ಇ ಫೈಲ್‌ಗಳೂ ಹಾಗೇ ಇವೆ. ಆದರೆ ಹಳೆಯ ಸರ್ವರ್‌ನಲ್ಲೂ ಹೀಗೇ ಇತ್ತು! ಈಗಷ್ಟೇ ಅದನ್ನು ಆನ್ ಮಾಡಿ ನೋಡಿದೆ. ಅಲ್ಲೂ 644. ಅಲ್ಲಿ ಓಡುತ್ತಿತ್ತು.

ಸಿಸ್ಟಂ ಅಡ್ಮಿನ್, ಮೈಸೂರು

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಫೈಲ್ ಬದಲಾಗಿಲ್ಲ, ಸಾಂಬಾ ಬದಲಾಗಿದೆ.

ವಿಂಡೋಸ್ ಒಂದು ಪ್ರೋಗ್ರಾಂ ಓಡಿಸುವಾಗ ಸರ್ವರ್ ಹತ್ತಿರ ‘ಓದಲು ಕೊಡು’ ಎಂದಷ್ಟೇ ಕೇಳುವುದಿಲ್ಲ. ‘ಓಡಿಸಲು ಕೊಡು’ ಎಂದು ಬೇರೆಯಾಗಿ ಕೇಳುತ್ತದೆ. ಸಾಂಬಾ 3.6 ಮತ್ತು ಅದಕ್ಕೂ ಹಿಂದಿನವು ಈ ಎರಡನೆಯ ಮಾತನ್ನು ಪರೀಕ್ಷಿಸುತ್ತಲೇ ಇರಲಿಲ್ಲ. ಓದುವ ಹಕ್ಕಿದ್ದರೆ ಓಡಿಸಲೂ ಬಿಡುತ್ತಿದ್ದವು. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4.0ದಲ್ಲಿ ಇದನ್ನು ಸರಿಪಡಿಸಿದರು. ಆಮೇಲಿಂದ ಫೈಲ್‌ಗೆ ಎಕ್ಸ್ ಪರ್ಮಿಶನ್ ಇಲ್ಲದಿದ್ದರೆ ಓಡಿಸಲು ಕೊಡುವುದಿಲ್ಲ. ನಿಮ್ಮ ಫೈಲ್‌ಗಳಿಗೆ ಎಕ್ಸ್ ಎಲ್ಲೂ ಇಲ್ಲ. ಆರ್‌ಸಿಂಕ್ ಹಳೆಯ ಪರ್ಮಿಶನ್‌ಗಳನ್ನು ಇದ್ದ ಹಾಗೇ ತಂದಿದೆ.

ಡೆಸ್ಕ್‌ಟಾಪ್‌ಗೆ ಕಾಪಿ ಮಾಡುವಾಗ ಓದುವ ಹಕ್ಕು ಮಾತ್ರ ಬೇಕು. ಅದು ನಿಮಗಿದೆ. ಕಾಪಿ ಆದ ಮೇಲೆ ಆ ಫೈಲ್ ವಿಂಡೋಸ್‌ನ ಸ್ವಂತ ಡಿಸ್ಕ್‌ನಲ್ಲಿರುತ್ತದೆ, ಅಲ್ಲಿ ಸಾಂಬಾದ ಮಾತು ನಡೆಯುವುದಿಲ್ಲ. ಪಿಡಿಎಫ್ ಕಥೆಯೂ ಇದೇ. ಓಡುವುದು ಪಿಡಿಎಫ್ ಅಲ್ಲ, ಅದನ್ನು ತೆರೆಯುವ ಪ್ರೋಗ್ರಾಂ. ಆ ಪ್ರೋಗ್ರಾಂ ನಿಮ್ಮ ಸಿಸ್ಟಂನಲ್ಲೇ ಇದೆ.

ದಾರಿ ಎರಡು. ಇಎಕ್ಸ್‌ಇ ಮತ್ತು ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಸಹಾಯಕ) ಫೈಲ್‌ಗಳನ್ನು ಹುಡುಕಿ ಅವಕ್ಕೆ ಮಾತ್ರ, ಪರ್ಮಿಶನ್ ಬದಲಿಸುವ ಸಿಎಚ್‌ಮೋಡ್ ಕಮಾಂಡ್‌ನಿಂದ ಎಕ್ಸ್ ಕೊಡಬಹುದು. ಇಲ್ಲವೇ ಸಾಂಬಾದ ಕಾನ್ಫಿಗ್ ಫೈಲ್‌ನಲ್ಲಿ, ಆ ಶೇರ್‌ನ ಭಾಗದಲ್ಲಿ, ‘ಎಸಿಎಲ್ ಅಲೋ ಎಕ್ಸಿಕ್ಯೂಟ್ ಆಲ್ವೇಸ್’ ಎಂಬ ಸಾಲು ಸೇರಿಸಿ ‘ಯೆಸ್’ ಎಂದು ಬರೆಯಬಹುದು. ಆಗ ಆ ಶೇರ್ ಮಟ್ಟಿಗೆ ಸಾಂಬಾ ಹಳೆಯ ಹಾಗೆ ನಡೆದುಕೊಳ್ಳುತ್ತದೆ.

ನನಗೆ ಎರಡನೆಯದೇ ಇಷ್ಟ. ನಾಳೆ ನೀವು ಹೊಸ ಸೆಟಪ್ ಫೈಲ್ ತಂದು ಹಾಕುತ್ತೀರಿ. ಆಗ ಎಕ್ಸ್ ಕೊಡಲು ಮರೆತರೆ ಮತ್ತೆ ಇದೇ ಪಾಡು. ಆದರೆ ಒಂದು ಷರತ್ತು ಇದೆ. ಅದೇ ಭಾಗದಲ್ಲಿ ‘ರೀಡ್ ಓನ್ಲಿ’ ಎಂಬುದು ‘ಯೆಸ್’ ಇರಬೇಕು. ಬರೆಯುವ ಹಕ್ಕು ನಿಮ್ಮ ಒಂದು ಖಾತೆಗೆ ಮಾತ್ರ ‘ರೈಟ್ ಲಿಸ್ಟ್’ ಮೂಲಕ ಇರಲಿ. ಬದಲಾಯಿಸಿದ ಮೇಲೆ ಟೆಸ್ಟ್‌ಪಾರ್ಮ್ ಓಡಿಸಿ. ತಪ್ಪಿದ್ದರೆ ಅದೇ ಹೇಳುತ್ತದೆ. ಆಮೇಲೆ ಸಾಂಬಾ ಸೇವೆಯನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್‌ನಲ್ಲಿ ಝಡ್ ಡ್ರೈವ್ ಬಿಡಿಸಿ ಮತ್ತೆ ಜೋಡಿಸಿ.

ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಸರ್, 777 ಕೊಟ್ಟರೂ ಎಕ್ಸ್ ಬರುತ್ತದಲ್ಲ? ಕೆಲಸ ಆದರೆ ಸಾಲದೇ? ಲ್ಯಾಬ್ ಒಳಗಿನ ನೆಟ್‌ವರ್ಕ್ ತಾನೇ, ಹೊರಗಿನವರು ಯಾರು ಬರುತ್ತಾರೆ?

ಸಿಸ್ಟಂ ಅಡ್ಮಿನ್, ಮೈಸೂರು

ಕೆಲಸ ಆಗುತ್ತದೆ ಸರ್, ಅದರಲ್ಲಿ ಅನುಮಾನ ಇಲ್ಲ. ನನ್ನ ಚಿಂತೆ ಬೇರೆ. ಇದು ಸಾಮಾನ್ಯ ಫೈಲ್‌ಗಳ ಫೋಲ್ಡರ್ ಅಲ್ಲ. ಇಲ್ಲಿರುವ ಸೆಟಪ್ ಫೈಲನ್ನು ಮೇಡಂ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಓಡಿಸುತ್ತಾರೆ, ಅದೂ 24 ಸಿಸ್ಟಂಗಳಲ್ಲಿ. 777 ಇದ್ದು, ಶೇರ್‌ಗೂ ಬರೆಯುವ ಹಕ್ಕಿದ್ದರೆ, ಒಬ್ಬ ವಿದ್ಯಾರ್ಥಿಯ ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್ ಆ ಸೆಟಪ್ ಫೈಲನ್ನೇ ಬದಲಿಸಿಬಿಡಬಹುದು. ಆಮೇಲೆ ಅದಕ್ಕೆ ಅಡ್ಮಿನ್ ಹಕ್ಕು ಕೊಡುವವರು ನಾವೇ ಆಗುತ್ತೇವೆ. ಹೊರಗಿನವರು ಬರಬೇಕಾಗಿಯೇ ಇಲ್ಲ.

ಗೆಸ್ಟ್ ವಿಷಯ. ವಿಂಡೋಸ್ 10ರ 1709 ಆವೃತ್ತಿಯಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಶನ್‌ನಲ್ಲಿ ಗೆಸ್ಟ್ ಆಗಿ ಶೇರ್‌ಗೆ ಹೋಗುವುದನ್ನು ಮೊದಲೇ ನಿಲ್ಲಿಸಿದ್ದಾರೆ. ವಿಂಡೋಸ್ 11ರ 24ಎಚ್2ದಲ್ಲಿ ಪ್ರೊಗೂ ಅದೇ ಕಟ್ಟು ಬಂದಿದೆ. ಇವತ್ತು ಗೆಸ್ಟ್ ಆನ್ ಮಾಡಿದರೆ ಹಳೆಯ ಸಿಸ್ಟಂಗಳು ಓಡಿ, ಹೊಸ ಎಂಟು ನಿಲ್ಲಬಹುದು. ಆಗ ಇನ್ನೊಂದು ಗೊಂದಲ.

ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಸೆಟಪ್ ಫೈಲನ್ನೇ ಬದಲಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಸರಿ ಸರ್. ನಾನು ಮಾಡಿಕೊಟ್ಟ ಎರಡು ಶಾಲೆಗಳಲ್ಲಿ ಈ ವಾರವೇ ಬದಲಾಯಿಸುತ್ತೇನೆ. ಈಗಾಗಲೇ ಎಲ್ಲದಕ್ಕೂ 777 ಇದೆ. ಹಿಂದಕ್ಕೆ ತರುವುದು ಹೇಗೆ? 644 ಕೊಟ್ಟರೆ ಆಯಿತಾ?

ಸಿಸ್ಟಂ ಅಡ್ಮಿನ್, ಮೈಸೂರು

ಒಳಗಿನ ಎಲ್ಲದಕ್ಕೂ ಒಟ್ಟಿಗೆ 644 ಕೊಡಬೇಡಿ! ಫೋಲ್ಡರ್‌ಗಳ ಎಕ್ಸ್ ಕೂಡ ಹೋಗುತ್ತದೆ. ಫೋಲ್ಡರ್‌ಗೆ ಎಕ್ಸ್ ಎಂದರೆ ಒಳಗೆ ಕಾಲಿಡುವ ಹಕ್ಕು. ಅದು ಹೋದರೆ ಒಳಗಿನ ಯಾವ ಫೈಲೂ ಸಿಗುವುದಿಲ್ಲ. ಫೈಂಡ್ ಕಮಾಂಡ್‌ನಿಂದ ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಎಂದು ಬೇರೆ ಬೇರೆ ಕೊಡಿ. ಸಿಎಚ್‌ಮೋಡ್‌ನಲ್ಲಿ ದೊಡ್ಡ ಅಕ್ಷರದ ಎಕ್ಸ್ ಎಂಬುದೂ ಇದೆ. ಅದು ಫೋಲ್ಡರ್‌ಗಳಿಗೆ ಎಕ್ಸ್ ಕೊಡುತ್ತದೆ, ಫೈಲ್‌ಗಳಲ್ಲಿ ಮೊದಲೇ ಎಕ್ಸ್ ಇದ್ದವಕ್ಕೆ ಮಾತ್ರ ಕೊಡುತ್ತದೆ. ಆದರೆ ನಿಮ್ಮಲ್ಲಿ 777 ಆಗಿರುವುದರಿಂದ ಎಲ್ಲಕ್ಕೂ ಎಕ್ಸ್ ಇದೆ. ಹಾಗಾಗಿ ನಿಮಗೆ ಫೈಂಡ್ ದಾರಿಯೇ ಸರಿ.

ಇನ್ನೊಂದು ಒಳ್ಳೆಯ ಕಮಾಂಡ್ ‘ನೇಮ್‌ಐ’. ಮೈನಸ್ ಎಲ್ ಸೇರಿಸಿ, ಫೈಲ್‌ನ ಪೂರ್ತಿ ದಾರಿ ಕೊಟ್ಟರೆ, ಬೇರಿನಿಂದ ಫೈಲ್‌ವರೆಗೆ ಪ್ರತಿ ಫೋಲ್ಡರ್‌ನ ಪರ್ಮಿಶನ್ ಒಂದೊಂದು ಸಾಲಾಗಿ ತೋರಿಸುತ್ತದೆ. ಎಷ್ಟೋ ಸಲ ಫೈಲ್ ಸರಿ ಇರುತ್ತದೆ, ಮಧ್ಯದ ಒಂದು ಫೋಲ್ಡರ್ ತಡೆದಿರುತ್ತದೆ.

ಲ್ಯಾಬ್ ಸಹಾಯಕಿ, ಮಲೆನಾಡು

ಸರ್, ಆಯಿತು! ಆ ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದೆ, ಡಬಲ್ ಕ್ಲಿಕ್ ಮಾಡಿದ ತಕ್ಷಣ ಸೆಟಪ್ ಬಂತು. ‘ರೀಡ್ ಓನ್ಲಿ’ಯನ್ನೂ ಹಾಕಿದ್ದೇನೆ. ತುಂಬಾ ಧನ್ಯವಾದ.

ಈಗ ಇನ್ನೊಂದು. ಲಿಬ್ರೆಆಫೀಸ್ ಎಂಎಸ್‌ಐ (ವಿಂಡೋಸ್‌ನ ಇನ್‌ಸ್ಟಾಲ್ ಪ್ಯಾಕೇಜ್) ಫೈಲ್ ರೂಪದಲ್ಲಿದೆ. 24 ಸಲ ಕ್ಲಿಕ್ ಮಾಡುವ ಬದಲು ಕಮಾಂಡ್‌ನಿಂದ ಹಾಕೋಣ ಎಂದು ಕಮಾಂಡ್ ಪ್ರಾಂಪ್ಟನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಮಾಡಿ, ಝಡ್ ಡ್ರೈವ್‌ನ ದಾರಿ ಕೊಟ್ಟು, ಅದನ್ನು ಇನ್‌ಸ್ಟಾಲ್ ಮಾಡುವ ಎಂಎಸ್‌ಐಎಕ್ಸೆಕ್ ಕಮಾಂಡ್ ಓಡಿಸಿದೆ. 1619 ಎಂಬ ತಪ್ಪು ಬಂತು, ಪ್ಯಾಕೇಜ್ ತೆರೆಯಲಾಗಲಿಲ್ಲ ಎಂದು. ಅದೇ ಕಿಟಕಿಯಲ್ಲಿ ಝಡ್ ಎಂದು ಟೈಪ್ ಮಾಡಿದರೆ ಅಂಥ ಡ್ರೈವ್ ಇಲ್ಲ ಅನ್ನುತ್ತದೆ. ಪಕ್ಕದಲ್ಲೇ ಎಕ್ಸ್‌ಪ್ಲೋರರ್‌ನಲ್ಲಿ ಝಡ್ ತೆರೆದೇ ಇದೆ! ಇದೂ ಸಾಂಬಾದ್ದೇನಾ?

ಆಫೀಸ್ ಐಟಿ, ಬೆಂಗಳೂರು

ಅಲ್ಲ ಮೇಡಂ, ಇದರಲ್ಲಿ ಸರ್ವರ್‌ನ ಪಾತ್ರ ಏನೂ ಇಲ್ಲ. ಇದು ವಿಂಡೋಸ್ ವಿಸ್ಟಾ ಕಾಲದಿಂದ ಇರುವ ಯುಎಸಿಯ (ಅಡ್ಮಿನ್ ಕೆಲಸಕ್ಕೆ ಮೊದಲು ಒಪ್ಪಿಗೆ ಕೇಳುವ ವ್ಯವಸ್ಥೆಯ) ಕೆಲಸ.

ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆದರೂ ವಿಂಡೋಸ್ ನಿಮಗೆ ಎರಡು ಗುರುತಿನ ಚೀಟಿ ಮಾಡುತ್ತದೆ. ಒಂದು ಸಾಮಾನ್ಯ, ಒಂದು ಅಡ್ಮಿನ್. ಎಕ್ಸ್‌ಪ್ಲೋರರ್ ಓಡುವುದು ಸಾಮಾನ್ಯ ಚೀಟಿಯಲ್ಲಿ. ಝಡ್ ಡ್ರೈವ್ ಜೋಡಿಸಿದ್ದೂ ಅದರಲ್ಲೇ. ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಮಾಡಿದ ಕಿಟಕಿ ಎರಡನೆಯ ಚೀಟಿಯಲ್ಲಿ ಓಡುತ್ತದೆ. ಅದಕ್ಕೆ ಝಡ್ ಎಂಬುದೇ ಗೊತ್ತಿಲ್ಲ. ಎರಡೂ ಕಿಟಕಿಯಲ್ಲಿ ‘ನೆಟ್ ಯೂಸ್’ ಎಂದು ಬರೆದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎರಡಕ್ಕೂ ಒಂದೇ ಡ್ರೈವ್ ಕಾಣುವ ಹಾಗೆ ಮಾಡಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗದಲ್ಲಿ) ‘ಎನೇಬಲ್ ಲಿಂಕ್ಡ್ ಕನೆಕ್ಷನ್ಸ್’ ಎಂಬುದಕ್ಕೆ 1 ಕೊಟ್ಟು ರೀಸ್ಟಾರ್ಟ್ ಮಾಡುವ ದಾರಿ ಇದೆ. ಒಂದು ವಿಷಯ ಕೇಳಬೇಕು. ನೀವು ಲಾಗಿನ್ ಆಗಿರುವುದು ಅಡ್ಮಿನ್ ಖಾತೆಯಲ್ಲಾ, ವಿದ್ಯಾರ್ಥಿ ಖಾತೆಯಲ್ಲಾ?

ಲ್ಯಾಬ್ ಸಹಾಯಕಿ, ಮಲೆನಾಡು

ವಿದ್ಯಾರ್ಥಿ ಖಾತೆಯಲ್ಲಿ. ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡುತ್ತೇನೆ.

ಆಫೀಸ್ ಐಟಿ, ಬೆಂಗಳೂರು

ಹಾಗಾದರೆ ಆ ರಿಜಿಸ್ಟ್ರಿ ದಾರಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಒಬ್ಬರದೇ ಎರಡು ಚೀಟಿಗಳನ್ನು ಜೋಡಿಸುತ್ತದೆ. ನಿಮ್ಮಲ್ಲಿ ಇರುವುದು ಇಬ್ಬರು ಬೇರೆ ಬೇರೆ ಯೂಸರ್. ಅಡ್ಮಿನ್ ಖಾತೆಯಲ್ಲಿ ಝಡ್ ಜೋಡಿಸಿಯೂ ಇಲ್ಲ, ಸಾಂಬಾದ ಪಾಸ್‌ವರ್ಡ್ ಉಳಿಸಿಯೂ ಇಲ್ಲ. ಹೀಗಾಗಿ ನೇರವಾಗಿ ಸರ್ವರ್ ಹೆಸರಿನ ದಾರಿ ಕೊಟ್ಟರೂ ‘ಆಕ್ಸೆಸ್ ಡಿನೈಡ್’ ಬರುವ ಸಂಭವ ಹೆಚ್ಚು.

ಅಡ್ಮಿನ್ ಕಿಟಕಿಯಲ್ಲೇ ಮೊದಲು ‘ನೆಟ್ ಯೂಸ್’ ಕೊಟ್ಟು, ಸರ್ವರ್ ಮತ್ತು ಶೇರ್ ಹೆಸರು ಬರೆದು, ಸಾಂಬಾ ಯೂಸರ್ ಹೆಸರು ಸೇರಿಸಿ. ಡ್ರೈವ್ ಅಕ್ಷರ ಬೇಡವೇ ಬೇಡ. ಪಾಸ್‌ವರ್ಡನ್ನು ಸಾಲಿನಲ್ಲಿ ಬರೆಯಬೇಡಿ, ಅದೇ ಕೇಳುತ್ತದೆ. ಆಮೇಲೆ ಎಂಎಸ್‌ಐಎಕ್ಸೆಕ್‌ಗೆ ಝಡ್ ಬದಲು ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ದಾರಿ ಕೊಡಿ.

1219 ಎಂಬ ತಪ್ಪು ಬಂದರೆ ಗಾಬರಿ ಬೇಡ. ಆ ಸರ್ವರ್‌ಗೆ ಅದೇ ಲಾಗಿನ್‌ನಲ್ಲಿ ಮೊದಲೇ ಬೇರೆ ಹೆಸರಿನ ಸಂಪರ್ಕ ಇದೆ ಎಂದು ಅರ್ಥ. ಹಳೆಯದನ್ನು ಡಿಲೀಟ್ ಮಾಡಿ ಮತ್ತೆ ಜೋಡಿಸಿ.

ಇನ್ನೂ ಒಂದು. ಕಮಾಂಡ್ ಪ್ರಾಂಪ್ಟ್ ನೆಟ್‌ವರ್ಕ್ ದಾರಿಯ ಒಳಗೆ ನಿಲ್ಲುವುದಿಲ್ಲ. ಬ್ಯಾಚ್ ಫೈಲ್ ಬರೆಯುವುದಾದರೆ ‘ಸಿಡಿ’ ಬದಲು ‘ಪುಶ್‌ಡಿ’ ಬಳಸಿ. ಅದು ತಾನೇ ಒಂದು ತಾತ್ಕಾಲಿಕ ಡ್ರೈವ್ ಅಕ್ಷರ ಮಾಡಿಕೊಳ್ಳುತ್ತದೆ. ‘ಪಾಪ್‌ಡಿ’ ಕೊಟ್ಟರೆ ಅದನ್ನು ಬಿಡಿಸುತ್ತದೆ.

ಹೈಸ್ಕೂಲ್ ಮೇಷ್ಟ್ರು, ದಾವಣಗೆರೆ

ನನ್ನ ಅನುಭವವನ್ನೂ ಇಲ್ಲಿ ಹೇಳುತ್ತೇನೆ, ಯಾರಿಗಾದರೂ ನೆರವಾದೀತು. ನಮ್ಮಲ್ಲಿ ಲಿನಕ್ಸ್ ಇಲ್ಲ. ಒಂದು ವಿಂಡೋಸ್ ಸಿಸ್ಟಂನ ಡಿ ಡ್ರೈವ್‌ನಲ್ಲಿ ಶೇರ್ ಇದೆ. ಅದರಲ್ಲಿ ಹಳೆಯ ಸೆಟಪ್‌ಗಳೆಲ್ಲ ಓಡುತ್ತಿದ್ದವು. ಹೊಸದಾಗಿ ಹಾಕಿದ್ದು ಮಾತ್ರ ಯಾರಿಗೂ ತೆರೆಯುತ್ತಿರಲಿಲ್ಲ. ಹೆಸರು ಕಾಣುತ್ತಿತ್ತು, ತೆರೆದರೆ ‘ಆಕ್ಸೆಸ್ ಡಿನೈಡ್’. ಒಂದೇ ಫೋಲ್ಡರ್‌ನಲ್ಲಿ ಅಕ್ಕಪಕ್ಕದ ಎರಡು ಫೈಲ್, ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು!

ಕಡೆಗೆ ಗೊತ್ತಾಯಿತು. ನಾನು ಫೈಲನ್ನು ಡಿ ಡ್ರೈವ್‌ನಲ್ಲೇ ಇದ್ದ ನನ್ನ ಸ್ವಂತ ಫೋಲ್ಡರ್‌ಗೆ ಡೌನ್‌ಲೋಡ್ ಮಾಡಿ, ಅಲ್ಲಿಂದ ಕಟ್ ಮಾಡಿ ಶೇರ್ ಫೋಲ್ಡರ್‌ಗೆ ಪೇಸ್ಟ್ ಮಾಡಿದ್ದೆ. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆಯಲ್ಲಿ) ಒಂದೇ ಡ್ರೈವ್ ಒಳಗೆ ಕಟ್-ಪೇಸ್ಟ್ ಮಾಡಿದರೆ ಫೈಲ್ ತನ್ನ ಹಳೆಯ ಪರ್ಮಿಶನ್‌ಗಳನ್ನು ಜೊತೆಗೇ ತರುತ್ತದೆ. ಆ ಫೋಲ್ಡರ್‌ನಲ್ಲಿ ನನಗೆ ಮತ್ತು ಅಡ್ಮಿನ್‌ಗೆ ಮಾತ್ರ ಹಕ್ಕಿತ್ತು. ಕಾಪಿ-ಪೇಸ್ಟ್ ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ, ಅದು ಹೊಸ ಫೋಲ್ಡರ್‌ನ ಹಕ್ಕುಗಳನ್ನು ಪಡೆಯುತ್ತದೆ. ಅಷ್ಟೇ ವ್ಯತ್ಯಾಸ. ಶೇರ್ ಫೋಲ್ಡರ್ ಮೇಲೆ, ವಿಂಡೋಸ್‌ನಲ್ಲಿ ಪರ್ಮಿಶನ್ ಬದಲಿಸುವ ಐಕ್ಯಾಕಲ್ಸ್ ಕಮಾಂಡ್‌ನ ರೀಸೆಟ್ ಓಡಿಸಿದೆ. ಒಳಗಿನ ಫೈಲ್‌ಗಳೆಲ್ಲ ಮೇಲಿನ ಫೋಲ್ಡರ್‌ನ ಹಕ್ಕಿಗೆ ಮರಳಿದವು. ಈಗ ಶೇರ್‌ಗೆ ಏನು ಹಾಕಿದರೂ ಕಾಪಿಯನ್ನೇ ಮಾಡುತ್ತೇನೆ.

ಆಫೀಸ್ ಐಟಿ, ಬೆಂಗಳೂರು

ಮೇಷ್ಟ್ರೇ, ಬಹಳ ಒಳ್ಳೆಯ ಉದಾಹರಣೆ. ವಿಂಡೋಸ್ ಶೇರ್‌ನಲ್ಲಿ ಎರಡು ಬಾಗಿಲು ಎಂಬುದನ್ನೂ ಇದರ ಜೊತೆ ನೆನಪಿಡಬೇಕು. ಶೇರ್ ಪರ್ಮಿಶನ್ ಒಂದು, ಎನ್‌ಟಿಎಫ್‌ಎಸ್ ಪರ್ಮಿಶನ್ ಇನ್ನೊಂದು. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯ. ಆ ಸಿಸ್ಟಂನಲ್ಲೇ ಕೂತು ತೆರೆದರೆ ಶೇರ್ ಪರ್ಮಿಶನ್ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ‘ನನ್ನ ಸಿಸ್ಟಂನಲ್ಲಿ ಸರಿ ಇದೆ’ ಎಂಬ ಪರೀಕ್ಷೆ ಸಾಲುವುದಿಲ್ಲ.

ನಮ್ಮ ಹಿಂದಿನ ಆಫೀಸಿನಲ್ಲಿ ನಡೆದದ್ದು ಹೇಳುತ್ತೇನೆ. ಡೊಮೇನ್ ಇತ್ತು, ಅಂದರೆ ಎಲ್ಲ ಕಂಪ್ಯೂಟರ್, ಯೂಸರ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆ. ಗ್ರೂಪ್ ಪಾಲಿಸಿಯಿಂದ ಎಲ್ಲ ಕಂಪ್ಯೂಟರ್‌ಗೆ ಒಂದು ಎಂಎಸ್‌ಐ ಹಾಕಬೇಕಿತ್ತು. ಶೇರ್‌ಗೆ ‘ಡೊಮೇನ್ ಯೂಸರ್ಸ್’ ಗುಂಪಿಗೆ ಓದುವ ಹಕ್ಕು ಕೊಟ್ಟಿದ್ದೆವು. ಯಾರು ಲಾಗಿನ್ ಆಗಿ ನೋಡಿದರೂ ಫೈಲ್ ತೆರೆಯುತ್ತದೆ, ಪಾಲಿಸಿಯಿಂದ ಮಾತ್ರ ಇನ್‌ಸ್ಟಾಲ್ ಆಗುತ್ತಿಲ್ಲ. ಮೂರು ದಿನ ಹುಡುಕಿದೆವು. ಕಂಪ್ಯೂಟರ್ ಶುರುವಾಗುವಾಗ ಇನ್ನೂ ಯಾರೂ ಲಾಗಿನ್ ಆಗಿರುವುದಿಲ್ಲ, ಅಲ್ವಾ? ಆಗ ಇನ್‌ಸ್ಟಾಲ್ ಮಾಡುವುದು ಲೋಕಲ್ ಸಿಸ್ಟಂ ಖಾತೆ. ಅದು ನೆಟ್‌ವರ್ಕ್‌ಗೆ ಹೋದಾಗ ಕಂಪ್ಯೂಟರ್‌ನ ಸ್ವಂತ ಹೆಸರಿನಲ್ಲಿ ಹೋಗುತ್ತದೆ, ಹೆಸರಿನ ಕೊನೆಗೆ ಡಾಲರ್ ಗುರುತು ಇರುವ ಖಾತೆ. ಆ ಖಾತೆ ‘ಡೊಮೇನ್ ಯೂಸರ್ಸ್’ನಲ್ಲಿ ಇಲ್ಲ, ‘ಡೊಮೇನ್ ಕಂಪ್ಯೂಟರ್ಸ್’ನಲ್ಲಿದೆ. ಆ ಗುಂಪಿಗೂ ಎರಡೂ ಬಾಗಿಲಲ್ಲಿ ಓದುವ ಹಕ್ಕು ಕೊಟ್ಟೆವು. ಮರುದಿನ ಬೆಳಿಗ್ಗೆ ಎಲ್ಲ ಸಿಸ್ಟಂಗಳಲ್ಲೂ ಸಾಫ್ಟ್‌ವೇರ್ ಕೂತಿತ್ತು.

ಅವತ್ತಿನಿಂದ ‘ಆಕ್ಸೆಸ್ ಡಿನೈಡ್’ ಕಂಡರೆ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಬಾಗಿಲು ತಟ್ಟುತ್ತಿರುವುದು ಯಾರು? ಫೈಲ್‌ನ ಪರ್ಮಿಶನ್ ಆಮೇಲೆ ನೋಡುತ್ತೇನೆ.

ಲಿನಕ್ಸ್ ಬಳಕೆದಾರ, ಪುಣೆ

ನಾನು ಪುಣೆಯಲ್ಲಿರುವ ಕನ್ನಡಿಗ. ನಮ್ಮಲ್ಲಿ ಸಿಸ್ಟಂಗಳೂ ಲಿನಕ್ಸೇ. ಶೇರನ್ನು ಮೌಂಟ್ ಮಾಡಿ (ಸಿಸ್ಟಂಗೆ ಜೋಡಿಸಿ) ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿದರೆ ‘ಪರ್ಮಿಶನ್ ಡಿನೈಡ್’. ಎಕ್ಸ್ ಇದೆ, ಸೂಡೊ (ರೂಟ್, ಅಂದರೆ ಲಿನಕ್ಸ್‌ನ ಅಡ್ಮಿನ್ ಆಗಿ ಓಡಿಸುವ ಕಮಾಂಡ್) ಕೊಟ್ಟರೂ ಆಗುವುದಿಲ್ಲ. ರೂಟ್‌ಗೇ ಬೇಡ ಅನ್ನುವುದು ಯಾರು ಎಂದು ಆಶ್ಚರ್ಯ ಆಗಿತ್ತು.

ಕಾರಣ, ಮೌಂಟ್ ಆಯ್ಕೆಗಳನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿತ್ತು. ಯಾರು ಬೇಕಾದರೂ ಮೌಂಟ್ ಮಾಡಲಿ ಎಂದು ‘ಯೂಸರ್’ ಎಂಬ ಆಯ್ಕೆ ಕೊಟ್ಟಿದ್ದೆ. ಆ ಒಂದು ಪದದ ಜೊತೆ ‘ನೋಎಕ್ಸೆಕ್’ ತಾನಾಗಿಯೇ ಬರುತ್ತದೆ. ಅಂದರೆ ಆ ಮೌಂಟ್‌ನಿಂದ ಯಾವ ಪ್ರೋಗ್ರಾಮನ್ನೂ ನೇರವಾಗಿ ಓಡಿಸುವಂತಿಲ್ಲ. ‘ಯೂಸರ್’ ಆದ ಮೇಲೆ ‘ಎಕ್ಸೆಕ್’ ಎಂದು ಬರೆದ ತಕ್ಷಣ ಸರಿಹೋಯಿತು. ಕ್ರಮ ಮುಖ್ಯ, ‘ಎಕ್ಸೆಕ್’ ನಂತರವೇ ಬರಬೇಕು. ಎನ್‌ಎಫ್‌ಎಸ್ (ಲಿನಕ್ಸ್ ಸಿಸ್ಟಂಗಳ ನಡುವೆ ಫೋಲ್ಡರ್ ಹಂಚುವ ವಿಧಾನ) ಶೇರ್ ಆದರೆ ‘ರೂಟ್ ಸ್ಕ್ವಾಶ್’ ಕೂಡ ನೋಡಿ. ನಿಮ್ಮ ಸಿಸ್ಟಂನ ರೂಟನ್ನು ಸರ್ವರ್ ‘ನೋಬಡಿ’ ಎಂದು ಲೆಕ್ಕ ಹಾಕುತ್ತದೆ. ಅಲ್ಲಿ ಸೂಡೊ ಕೊಟ್ಟಷ್ಟೂ ಹಕ್ಕು ಕಡಿಮೆಯೇ ಆಗಬಹುದು.

ಲ್ಯಾಬ್ ಸಹಾಯಕಿ, ಮಲೆನಾಡು

ಬೆಂಗಳೂರಿನ ಸರ್ ಹೇಳಿದ ಹಾಗೆ ಅಡ್ಮಿನ್ ಕಿಟಕಿಯಲ್ಲಿ ನೆಟ್ ಯೂಸ್ ಕೊಟ್ಟೆ. ಐದು ಸಿಸ್ಟಂಗಳಲ್ಲಿ ಲಿಬ್ರೆಆಫೀಸ್ ಕೂತಿತು. ಆರನೆಯದರಲ್ಲಿ ಶೇರ್ ತೆರೆಯುತ್ತದೆ, ಇನ್‌ಸ್ಟಾಲ್ ಅರ್ಧಕ್ಕೆ ಹೋಗಿ 1603 ಎಂದು ನಿಲ್ಲುತ್ತದೆ. ಇದೂ ಪರ್ಮಿಶನ್ನೇ?

ಸರ್ವರ್ ಹೆಸರಿನ ಬದಲು ಐಪಿ ವಿಳಾಸ ಕೊಟ್ಟರೆ ‘ಈ ಫೈಲ್ ತೆರೆಯಬೇಕೇ’ ಎಂಬ ಎಚ್ಚರಿಕೆಯೂ ಬರುತ್ತಿದೆ. ಹೆಸರು ಕೊಟ್ಟರೆ ಬರುವುದಿಲ್ಲ.

ಸಿಸ್ಟಂ ಅಡ್ಮಿನ್, ಮೈಸೂರು

ಎಚ್ಚರಿಕೆಗೆ ಚಿಂತೆ ಬೇಡ. ವಿಳಾಸದಲ್ಲಿ ಚುಕ್ಕಿ ಇದ್ದರೆ ವಿಂಡೋಸ್ ಅದನ್ನು ಇಂಟರ್ನೆಟ್‌ನ ಜಾಗ ಎಂದು ತಿಳಿಯುತ್ತದೆ. ಐಪಿಯಲ್ಲಿ ಚುಕ್ಕಿ ಇದೆ, ನಿಮ್ಮ ಸರ್ವರ್ ಹೆಸರಿನಲ್ಲಿ ಇಲ್ಲ. ಹೆಸರನ್ನೇ ಬಳಸಿ.

1603 ಬಹಳ ಅಗಲದ ತಪ್ಪು. ಇನ್‌ಸ್ಟಾಲ್ ಸೋತಿತು ಎಂದಷ್ಟೇ ಅದರ ಅರ್ಥ, ಯಾಕೆ ಎಂದು ಹೇಳುವುದಿಲ್ಲ. ಎಂಎಸ್‌ಐಎಕ್ಸೆಕ್‌ಗೆ ಸ್ಲ್ಯಾಶ್ ಎಲ್, ಸ್ಟಾರ್, ವಿ ಸೇರಿಸಿ, ಸಿ ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಲಾಗ್ ಫೈಲ್‌ನ ಹೆಸರು ಕೊಡಿ. ಲಾಗ್ ಉದ್ದ ಬರುತ್ತದೆ, ಪೂರ್ತಿ ಓದಬೇಕಾಗಿಲ್ಲ. ‘ರಿಟರ್ನ್ ವ್ಯಾಲ್ಯೂ 3’ ಎಂದು ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲು ನೋಡಿ. ಸೋತ ಹೆಜ್ಜೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಅದರಲ್ಲೂ ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್‌ನಲ್ಲಿ ಉಚಿತವಾಗಿ ಸಿಗುವ ಪ್ರೊಸೆಸ್ ಮಾನಿಟರ್ ಇದೆ. ಫಿಲ್ಟರ್‌ನಲ್ಲಿ ‘ಆಕ್ಸೆಸ್ ಡಿನೈಡ್’ ಫಲಿತಾಂಶ ಮಾತ್ರ ಇಟ್ಟುಕೊಂಡು, ಇನ್‌ಸ್ಟಾಲ್ ಮತ್ತೆ ಓಡಿಸಿ. ಯಾವ ಪ್ರೋಗ್ರಾಂ, ಯಾವ ಫೈಲ್‌ಗೆ ಹೋಗಿ ಬೇಡ ಅನ್ನಿಸಿಕೊಂಡಿತು ಎಂದು ಸಾಲುಸಾಲಾಗಿ ಕಾಣುತ್ತದೆ. ಯೂಸರ್ ಕಾಲಂ ಆನ್ ಮಾಡಿಕೊಳ್ಳಿ. ಬೆಂಗಳೂರಿನವರು ಕೇಳಿದ ‘ಯಾರು’ ಎಂಬ ಪ್ರಶ್ನೆಗೆ ಅಲ್ಲಿ ನೇರ ಉತ್ತರ ಸಿಗುತ್ತದೆ.

ಲ್ಯಾಬ್ ಸಹಾಯಕಿ, ಮಲೆನಾಡು

ಲಾಗ್‌ನಲ್ಲೇ ಸಿಕ್ಕಿತು ಸರ್. ಆ ಸಿಸ್ಟಂನ ಸಿ ಡ್ರೈವ್‌ನಲ್ಲಿ ಹಳೆಯ ಆವೃತ್ತಿಯ ಒಂದು ಫೋಲ್ಡರ್ ಇತ್ತು. ಯಾರೋ ಹಿಂದೆ ಅದರ ಪರ್ಮಿಶನ್ ಬದಲಿಸಿ, ‘ಸಿಸ್ಟಂ’ ಖಾತೆಯನ್ನೇ ತೆಗೆದುಹಾಕಿದ್ದರು. ಇನ್‌ಸ್ಟಾಲರ್ ಅದರೊಳಗೆ ಬರೆಯಲು ಹೋಗಿ ಸೋಲುತ್ತಿತ್ತು. ಶೇರ್‌ನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮೇಷ್ಟ್ರು ಹೇಳಿದ ಐಕ್ಯಾಕಲ್ಸ್ ರೀಸೆಟನ್ನು ಆ ಫೋಲ್ಡರ್ ಮೇಲೆ ಓಡಿಸಿದೆ, ಇನ್‌ಸ್ಟಾಲ್ ಮುಗಿಯಿತು.

ಹಳೆಯ ಸರ್ವರ್ ಅನ್ನು ಹಾಗೇ ಓಡುತ್ತಾ ಇಡಬಹುದೇ? ಅದರಲ್ಲಿ ಇನ್ನೂ ಒಂದಿಷ್ಟು ಫೈಲ್‌ಗಳಿವೆ. ವಿಂಡೋಸ್ 11ರಲ್ಲಿ ಎಸ್‌ಎಂಬಿ 1 (ಫೋಲ್ಡರ್ ಹಂಚಿಕೆಯ ಹಳೆಯ ವಿಧಾನ) ಆನ್ ಮಾಡಿದರೆ ಅದೂ ಕಾಣುತ್ತದೆ ಎಂದು ಒಬ್ಬರು ಹೇಳಿದರು.

ಸಿಸ್ಟಂ ಅಡ್ಮಿನ್, ಮೈಸೂರು

ಬೇಡ ಮೇಡಂ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಫೈಲ್‌ಗೆ ಬೀಗ ಹಾಕಿ ಹಣ ಕೇಳುವ ವೈರಸ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ಒಂದು ತೂತಿನಿಂದಲೇ. ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709ರಿಂದ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಸಾಂಬಾ ಕೂಡ 4.11ರಿಂದ ಅದನ್ನು ಮೊದಲ ಸೆಟ್ಟಿಂಗ್‌ನಲ್ಲೇ ಮುಚ್ಚಿದೆ. ಉಳಿದ ಫೈಲ್‌ಗಳನ್ನು ಹೊಸದಕ್ಕೆ ತಂದು, ಹಳೆಯದರ ನೆಟ್‌ವರ್ಕ್ ಕೇಬಲ್ ತೆಗೆದುಬಿಡಿ.

ಲ್ಯಾಬ್ ಸಹಾಯಕಿ, ಮಲೆನಾಡು

ಇವತ್ತು ಸಂಜೆ ಫೈಲ್‌ಗಳನ್ನೆಲ್ಲ ತಂದೆ. ಹಳೆಯ ಸರ್ವರ್ ಆಫ್ ಮಾಡಿದ್ದೇನೆ.

24ರಲ್ಲಿ 23 ಸಿಸ್ಟಂ ಮುಗಿದವು. ಲಿಬ್ರೆಆಫೀಸ್‌ನಲ್ಲಿ ಕನ್ನಡ ಮೆನು ಕೂಡ ಬಂದಿದೆ, ಹುಡುಗರು ಖುಷಿಯಾಗಿದ್ದಾರೆ. ಶೇರ್ ರೀಡ್ ಓನ್ಲಿ ಆಗಿದೆಯೇ ಎಂದು ವಿದ್ಯಾರ್ಥಿ ಖಾತೆಯಿಂದ ಒಂದು ಫೈಲ್ ಡಿಲೀಟ್ ಮಾಡಿ ನೋಡಿದೆ, ಬಿಡಲಿಲ್ಲ. ಉಳಿದ ಒಂದು ಸಿಸ್ಟಂಗೆ ನೆಟ್‌ವರ್ಕೇ ಬರುತ್ತಿಲ್ಲ, ಕೇಬಲ್‌ನ ತುದಿ ಸಡಿಲ ಆಗಿದೆ. ಹೊಸ ಕನೆಕ್ಟರ್ ತರಿಸಿದ್ದೇನೆ, ಸೋಮವಾರ ಹಾಕುತ್ತೇನೆ.